ಸ್ಟೇಕ್ ಆಧಾರಿತ ಆದ್ಯತಾ ರವಾನೆ

ಸ್ಟೇಕ್ ಆಧಾರಿತ ಆದ್ಯತಾ ರವಾನೆ : ಬ್ಲಾಕ್‌ಚೈನ್ ಜಾಲದಲ್ಲಿ ವಹಿವಾಟುಗಳ ನೂಕುನುಗ್ಗಲು ಉಂಟಾದಾಗ, ಆ ಜಾಲದ ಟೋಕನ್‌ಗಳನ್ನು ಯಾರು ಎಷ್ಟು ಒತ್ತೆ ಇಟ್ಟಿದ್ದಾರೆಂದು ನೋಡಿ, ಅದೇ ಪ್ರಮಾಣದಲ್ಲಿ ಅವರ ಸಂದೇಶಗಳಿಗೆ ದಾರಿ ಬಿಡುವ ವ್ಯವಸ್ಥೆ. ಹೀಗೆ ಒತ್ತೆ ಇಟ್ಟ ಟೋಕನ್‌ಗಳ ಮೊತ್ತಕ್ಕೆ ಸ್ಟೇಕ್ ಎಂದು ಹೆಸರು. ಇಂದು ಈ ವ್ಯವಸ್ಥೆ ಬಹಳ ಬಳಕೆಯಲ್ಲಿರುವುದು ಸೊಲಾನಾ ಎಂಬ ಜಾಲದಲ್ಲಿ. 2022ರ ಏಪ್ರಿಲ್ ಕೊನೆಯಲ್ಲಿ ಆ ಜಾಲ ಸಂದೇಶಗಳ ಪ್ರವಾಹಕ್ಕೆ ಸಿಕ್ಕಿ ನಿಂತುಹೋದ ಮೇಲೆ ಕೈಗೊಂಡ ಮೂರು ಪರಿಹಾರಗಳಲ್ಲಿ ಇದೂ ಒಂದು. ಇದರ ಮೂಲ ವಿಚಾರ ಸೊಲಾನಾಕ್ಕಿಂತ ಹಳೆಯದು. ಸ್ಟೀಮ್, ಇಒಎಸ್, ಟ್ರಾನ್ ಜಾಲಗಳು ಬೇರೆ ಬೇರೆ ರೀತಿಯಲ್ಲಿ ಇದನ್ನೇ ಮೊದಲು ಪ್ರಯೋಗಿಸಿದ್ದವು.

ಮೂಲ ಪ್ರಶ್ನೆ

ಹರಿವು ಸೀಮಿತ, ಬೇಡುವವರು ಅನೇಕ. ಯಾರಿಗೆ ಮೊದಲು, ಯಾರಿಗೆ ಎಷ್ಟು? ತರೀಕೆರೆ, ಕಡೂರು, ಅಜ್ಜಂಪುರದ ಸೀಮೆಯಲ್ಲಿ ಈ ಪ್ರಶ್ನೆಯನ್ನು ಕಂಪ್ಯೂಟರ್ ಹುಟ್ಟುವ ಎಷ್ಟೋ ಶತಮಾನ ಮೊದಲೇ ಕೇಳಿಕೊಂಡಿದ್ದಾರೆ. ಇದು ಮಲೆನಾಡು ಮುಗಿದು ಬಯಲು ಶುರುವಾಗುವ ಅಂಚಿನ ನೆಲ. ಕೆಮ್ಮಣ್ಣುಗುಂಡಿಯಲ್ಲಿ ಧಾರಾಕಾರ ಸುರಿಯುವ ಮಳೆ ಕಡೂರಿನ ಬಯಲಿಗೆ ಬರುವಷ್ಟರಲ್ಲಿ ಬತ್ತಿಹೋಗಿರುತ್ತದೆ. ಅದಕ್ಕೇ ಇಲ್ಲಿ ಕೆರೆಗಳು. ತರೀಕೆರೆಯ ಏರಿಯಂತೂ ನಾಲಿಗೆ ತೊಡಕಿನ ಮಾತಾಗಿ ಕನ್ನಡದ ಪ್ರತಿ ಮಗುವಿಗೂ ಪರಿಚಿತ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯಿಂದ ಹೊರಡುವ ವೇದಾ ಮತ್ತು ಮದಗದಕೆರೆಯ ಕಡೆಯಿಂದ ಬರುವ ಅವತಿ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ.

ಕೆರೆ ತುಂಬಿದ ವರ್ಷ ಯಾರ ಗದ್ದೆಗೆ ಎಷ್ಟು ನೀರು ಹೋಯಿತೆಂದು ಯಾರೂ ಲೆಕ್ಕ ಇಡುವುದಿಲ್ಲ. ಕೆರೆ ಅರ್ಧಕ್ಕೆ ನಿಂತ ವರ್ಷ ಲೆಕ್ಕ ಶುರುವಾಗುತ್ತದೆ. ತೂಬು ಎತ್ತಿ ನೀರು ಬಿಡುವ ನೀರುಗಂಟಿ ಊರಿನ ಆಯಗಾರರಲ್ಲಿ ಒಬ್ಬ. ಯಾವ ಗದ್ದೆಗೆ ಯಾವ ಹೊತ್ತಿನಲ್ಲಿ ನೀರು ಎಂಬುದು ಅವನ ಕೈಯಲ್ಲಿರುತ್ತಿತ್ತು. ಹಳೆ ಮೈಸೂರು ಸೀಮೆಯ ಕೆಲವು ಕೆರೆಗಳಲ್ಲಿ ಬರದ ವರ್ಷಕ್ಕೆಂದೇ ದಾಮಾಷಾ ಎಂಬ ಕಟ್ಟಳೆ ಇತ್ತು. ನೀರು ಸಾಲುವಷ್ಟು ನೆಲವನ್ನು ತೂಬಿನ ಹತ್ತಿರ ಗುರುತಿಸಿ, ಅದನ್ನೇ ಅಚ್ಚುಕಟ್ಟಿನ ಎಲ್ಲ ರೈತರಿಗೂ ಅವರವರ ಹಿಡುವಳಿಯ ಪ್ರಮಾಣಕ್ಕೆ ತಕ್ಕಂತೆ ಆ ವರ್ಷದ ಮಟ್ಟಿಗೆ ಹಂಚುವುದು ಅದರ ರೀತಿ. ಹತ್ತು ಎಕರೆಯವನಿಗೆ ಎರಡು ಸಿಕ್ಕರೆ ಅರ್ಧ ಎಕರೆಯವನಿಗೆ ನಾಲ್ಕು ಗುಂಟೆ. ಕೊನೆಯ ಗದ್ದೆಯವನೂ ಆ ವರ್ಷ ತೂಬಿನ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದ.

ಸ್ಟೇಕ್ ಆಧಾರಿತ ರವಾನೆಯ ತಿರುಳು ಈ ಪ್ರಮಾಣದ ನಿಯಮವೇ. ನೀರಿನ ಜಾಗದಲ್ಲಿ ಕಂಪ್ಯೂಟರಿನ ದಾರಿ, ಹಿಡುವಳಿಯ ಜಾಗದಲ್ಲಿ ಒತ್ತೆ ಇಟ್ಟ ಟೋಕನ್. ಸಣ್ಣ ಹಿಡುವಳಿದಾರನ ನಾಲ್ಕು ಗುಂಟೆ ಮಾತ್ರ ಸಾಗುವ ದಾರಿಯಲ್ಲಿ ಎಲ್ಲೋ ಕೈಬಿಟ್ಟುಹೋಗಿದೆ.

ಗುರುತಿನ ಸಮಸ್ಯೆ

ಪ್ರಮಾಣಕ್ಕೆ ತಕ್ಕಂತೆ ಹಂಚಬೇಕಾದರೆ ಕೇಳುವವನು ಯಾರೆಂದು ಮೊದಲು ತಿಳಿಯಬೇಕು. ಊರಿನಲ್ಲಿ ಪಹಣಿ ಇದೆ, ಮುಖ ನೋಡಿ ಗುರುತು ಹಿಡಿಯುವ ನೀರುಗಂಟಿ ಇದ್ದಾನೆ. ಎಲ್ಲರಿಗೂ ತೆರೆದಿರುವ ಬ್ಲಾಕ್‌ಚೈನ್‌ನಲ್ಲಿ ಎರಡೂ ಇಲ್ಲ. ಒಬ್ಬನೇ ಒಂದು ನಿಮಿಷದಲ್ಲಿ ಸಾವಿರ ಖಾತೆ ತೆರೆಯಬಹುದು. ತಲೆಗೆ ಒಂದರಂತೆ ಅವಕಾಶ ಕೊಟ್ಟರೆ ಸಾವಿರ ತಲೆ ಹೊತ್ತು ಬರುತ್ತಾನೆ. ಬೋಗಸ್ ಪಡಿತರ ಚೀಟಿಯನ್ನು ಕಂಡವರಿಗೆ ಈ ವಂಚನೆಯನ್ನು ವಿವರಿಸಬೇಕಿಲ್ಲ. ಮೈಕ್ರೋಸಾಫ್ಟ್‌ನ ಸಂಶೋಧಕ ಜಾನ್ ಡೌಸರ್ 2002ರಲ್ಲಿ ಬರೆದ ಪ್ರಬಂಧದಿಂದ ಇದಕ್ಕೆ ಸಿಬಿಲ್ ದಾಳಿ ಎಂಬ ಹೆಸರು ನಿಂತಿತು.

ತಲೆ ಎಣಿಸಲಾಗದ ಕಡೆ ನಕಲಿ ಮಾಡಲಾಗದ ಬೇರೆ ಏನನ್ನಾದರೂ ಎಣಿಸಬೇಕು. ಆಡಂ ಬ್ಯಾಕ್ 1997ರಲ್ಲಿ ಪ್ರಕಟಿಸಿದ ಹ್ಯಾಶ್‌ಕ್ಯಾಶ್ ಎಣಿಸಿದ್ದು ಕಂಪ್ಯೂಟರಿನ ದುಡಿಮೆಯನ್ನು. ಇಮೇಲ್ ಕಳಿಸುವವನು ಒಂದು ಸಣ್ಣ ಲೆಕ್ಕ ಬಿಡಿಸಿ ಕಳಿಸಬೇಕು. ಒಂದು ಪತ್ರ ಬರೆಯುವವನಿಗೆ ಅದು ಭಾರವಲ್ಲ, ಲಕ್ಷ ಪತ್ರ ಸುರಿಯುವವನಿಗೆ ಭಾರ. 2008ರ ಪ್ರಬಂಧದಲ್ಲಿ ಸತೋಶಿ ನಕಾಮೊಟೊ ಇದನ್ನೇ ಬಿಟ್‌ಕಾಯಿನ್‌ಗೆ ಅಡಿಪಾಯ ಮಾಡಿಕೊಂಡ. 2012ರ ಪಿಯರ್‌ಕಾಯಿನ್ ದುಡಿಮೆಯ ಜೊತೆಗೆ ಟೋಕನ್ ಒಡೆತನವನ್ನೂ ಎಣಿಕೆಗೆ ತಂದಿತು. ಇಥೀರಿಯಂ 2022ರ ಸೆಪ್ಟೆಂಬರ್ 15ರಂದು ದುಡಿಮೆಯನ್ನು ಪೂರ್ತಿ ಬಿಟ್ಟು ಸ್ಟೇಕ್‌ಗೆ ಬಂತು. ಅಲ್ಲಿ ವ್ಯಾಲಿಡೇಟರ್, ಅಂದರೆ ವಹಿವಾಟುಗಳನ್ನು ಪರಿಶೀಲಿಸಿ ಬ್ಲಾಕ್ ಕಟ್ಟುವ ಕಂಪ್ಯೂಟರ್, ಆಗಬೇಕಾದರೆ ಕನಿಷ್ಠ 32 ಈಥರ್ ಒತ್ತೆ ಇಡಬೇಕು.

ಆದರೆ ಇಥೀರಿಯಂನಲ್ಲಿ ಸ್ಟೇಕ್‌ನಿಂದ ಸಿಗುವುದು ಬ್ಲಾಕ್ ಕಟ್ಟುವ ಸರದಿ. ವಹಿವಾಟು ಕಳಿಸುವವನಿಗೆ ಅದರಿಂದ ದಾರಿ ಸಿಗುವುದಿಲ್ಲ. ಅಲ್ಲಿ ಶುಲ್ಕವೇ ದಾರಿ. ಕಳಿಸುವ ಹಕ್ಕನ್ನೇ ಸ್ಟೇಕ್‌ಗೆ ಕಟ್ಟಿಹಾಕಿದ್ದು ಬೇರೊಂದು ಪಂಗಡ.

ಟೋಕನ್ ಎಂಬ ಮಾತು ನಮಗೆ ಹೊಸದಲ್ಲ. ಆಸ್ಪತ್ರೆಯಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ಸರದಿಯ ಚೀಟಿಗೆ ಟೋಕನ್ ಎಂದೇ ಕರೆಯುತ್ತೇವೆ. ಏಕಹಳಿ ರೈಲು ಮಾರ್ಗಗಳಲ್ಲಿ ಚಾಲಕ ಮುಂದಿನ ನಿಲ್ದಾಣದವರೆಗಿನ ಹಳಿಗೆ ಇಳಿಯಲು ಸ್ಟೇಷನ್ ಮಾಸ್ತರರಿಂದ ಲೋಹದ ಟೋಕನ್ ಪಡೆಯಬೇಕಿತ್ತು. ಅದು ಕೈಯಲ್ಲಿಲ್ಲದೆ ಗಾಡಿ ಕದಲುವಂತಿರಲಿಲ್ಲ. ಬ್ಲಾಕ್‌ಚೈನ್ ಟೋಕನ್ ಹಣವಾಗಿ ಕೈ ಬದಲಾಗುವಂಥದ್ದು. ಹಣವಾಗಿಯೂ ದಾರಿಯ ಪರವಾನಗಿಯಾಗಿಯೂ ಅದು ಏಕಕಾಲಕ್ಕೆ ಕೆಲಸ ಮಾಡಿದಾಗ ಏನಾಗುತ್ತದೆಂಬುದೇ ಮುಂದಿನ ಚರಿತ್ರೆ.

ಮೊದಲ ಪ್ರಯೋಗಗಳು

2016ರಲ್ಲಿ ಶುರುವಾದ ಸ್ಟೀಮ್ ಬರಹಗಾರರ ಜಾಲ. ಅಲ್ಲಿ ವಹಿವಾಟಿಗೆ ಶುಲ್ಕವಿರಲಿಲ್ಲ. ಒತ್ತೆ ಇಟ್ಟ ಟೋಕನ್‌ಗೆ ತಕ್ಕಷ್ಟು ಬಳಕೆಯ ಪಾಲು ಸಿಗುತ್ತಿತ್ತು. ಟ್ರಾನ್ ಜಾಲದಲ್ಲಿ ಟೋಕನ್‌ಗಳನ್ನು ಕಟ್ಟಿಟ್ಟವರಿಗೆ ಬ್ಯಾಂಡ್‌ವಿಡ್ತ್ ಮತ್ತು ಎನರ್ಜಿ ಎಂಬ ಎರಡು ಬಗೆಯ ಪಾಲು. ಟ್ರಾನ್ ಒಂದು ಒಳ್ಳೆಯ ಕೆಲಸ ಮಾಡಿತು: ಏನೂ ಒತ್ತೆ ಇಡದ ಖಾತೆಗೂ ದಿನಕ್ಕೆ ಸ್ವಲ್ಪ ಬ್ಯಾಂಡ್‌ವಿಡ್ತ್ ಪುಕ್ಕಟೆ ಇಟ್ಟಿತು.

ಪಾಠ ಕಲಿಸಿದ್ದು ಇಒಎಸ್. 2018ರ ಜೂನ್‌ನಲ್ಲಿ ಆರಂಭವಾದ ಈ ಜಾಲದಲ್ಲಿ 21 ಮಂದಿ ಬ್ಲಾಕ್ ಉತ್ಪಾದಕರು. ಬಳಕೆದಾರ ತನ್ನ ಟೋಕನ್‌ಗಳನ್ನು ಸಿಪಿಯು ಸಮಯಕ್ಕೆಂದು, ಜಾಲದ ಹರಿವಿಗೆಂದು ಬೇರೆ ಬೇರೆಯಾಗಿ ಒತ್ತೆ ಇಡಬೇಕಿತ್ತು. ಜಾಲ ಬಿಡುವಾಗಿದ್ದಾಗ ಪ್ರತಿಯೊಬ್ಬನಿಗೂ ಅವನ ಪಾಲಿನ ಹಲವು ನೂರು ಪಟ್ಟು ಬಳಸಲು ಅವಕಾಶವಿತ್ತು. ಜಾಲ ತುಂಬಿದ ಕ್ಷಣ ಪ್ರತಿಯೊಬ್ಬನೂ ತನ್ನ ಕಟ್ಟುನಿಟ್ಟಿನ ಪಾಲಿಗೆ ಇಳಿಯಬೇಕಿತ್ತು. ತುಂಬಿದ ಕೆರೆ, ಅರ್ಧ ಕೆರೆಯ ನಿಯಮವೇ ಇದು. ಕಾಗದದ ಮೇಲೆ ದಾಮಾಷಾಕ್ಕೆ ಇದಕ್ಕಿಂತ ಹತ್ತಿರವಾದ ತಂತ್ರಾಂಶ ಇನ್ನೊಂದಿಲ್ಲ.

2019ರ ನವೆಂಬರ್‌ನಲ್ಲಿ ಐಡಾಸ್ ಎಂಬ ಟೋಕನ್ ಬಂತು. ಅದರ ಒಪ್ಪಂದಕ್ಕೆ, ಅಂದರೆ ಜಾಲದ ಮೇಲೆ ತಾನಾಗಿ ನಡೆಯುವ ತಂತ್ರಾಂಶಕ್ಕೆ, ಒಂದಿಷ್ಟು ಇಒಎಸ್ ಟೋಕನ್ ಕಳಿಸಿದರೆ ಅದು ಹಾಗೇ ಹಿಂದಿರುಗಿ ಬರುತ್ತಿತ್ತು, ಜೊತೆಗೆ ಹೊಸ ಟೋಕನ್ ಉಡುಗೊರೆ. ಶುಲ್ಕವಿಲ್ಲದ ಜಾಲದಲ್ಲಿ ಪುಕ್ಕಟೆ ಸಿಗುವ ವಸ್ತು! ತಾವಾಗಿಯೇ ವಹಿವಾಟು ನಡೆಸುವ ಯಂತ್ರಗಳು (ಬಾಟ್‌ಗಳು) ಹಗಲಿರುಳು ಕಳಿಸತೊಡಗಿದವು. ಜಾಲ ಒತ್ತಡದ ಸ್ಥಿತಿಗೆ ಇಳಿಯಿತು. ದೊಡ್ಡ ಸ್ಟೇಕ್ ಇದ್ದವರ ಯಂತ್ರಗಳು ತಮ್ಮ ಪಾಲಿನ ಕೊನೆಯ ಹನಿಯವರೆಗೆ ಬಳಸಿಕೊಂಡವು, ನಾಲ್ಕಾರು ಟೋಕನ್ ಒತ್ತೆ ಇಟ್ಟು ಆಟವೋ ಸಣ್ಣ ಪಾವತಿಯೋ ಮಾಡಿಕೊಂಡಿದ್ದವರ ಖಾತೆಗಳು ಮರಗಟ್ಟಿದವು. ಪ್ರತಿಯೊಬ್ಬರಿಗೂ ಸಿಕ್ಕಿದ್ದು ನಿಯಮದ ಪ್ರಕಾರದ ಪಾಲೇ. ಆದರೆ ಆ ಪಾಲು ಒಂದು ವಹಿವಾಟು ನಡೆಸಲೂ ಸಾಲದಷ್ಟು ಚಿಕ್ಕದಾಗಿತ್ತು. ಮುಂದೆ ಇಒಎಸ್ ಒತ್ತೆಯ ಪದ್ಧತಿಯಿಂದ ಸರಿದು, ಸಿಪಿಯು ಸಮಯವನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಕ್ರಮಕ್ಕೆ ಹೋಯಿತು.

ಸೊಲಾನಾ

ಅನಾತೊಲಿ ಯಾಕೊವೆಂಕೊ 2017ರ ನವೆಂಬರ್‌ನಲ್ಲಿ ಪ್ರಕಟಿಸಿದ ಪ್ರಬಂಧದಿಂದ ಹುಟ್ಟಿ, 2020ರ ಮಾರ್ಚ್‌ನಲ್ಲಿ ಸಾರ್ವಜನಿಕರಿಗೆ ತೆರೆದ ಸೊಲಾನಾ ವೇಗಕ್ಕೆಂದೇ ಕಟ್ಟಿದ ಜಾಲ. ಕ್ಯಾಲಿಫೋರ್ನಿಯಾದ ಸೊಲಾನಾ ಬೀಚ್ ಎಂಬ ಊರಿನಿಂದ ಬಂದ ಹೆಸರು. ಇದರ ಟೋಕನ್ ಸೋಲ್. ಒಂದು ಸೋಲ್‌ನ ನೂರು ಕೋಟಿಯಲ್ಲಿ ಒಂದು ಭಾಗ ಲ್ಯಾಂಪೋರ್ಟ್. ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ ಅವರ ಹೆಸರು. ಒಂದು ಸಹಿಯ ಮೂಲ ಶುಲ್ಕ 5,000 ಲ್ಯಾಂಪೋರ್ಟ್, ಅಂದರೆ 0.000005 ಸೋಲ್. ಇದು ಇಲ್ಲವೆನ್ನುವಷ್ಟು ಕಡಿಮೆ, ಮತ್ತು ಸಮಸ್ಯೆಯ ಅರ್ಧ ಬೇರು ಇಲ್ಲಿಯೇ ಇದೆ.

ಇನ್ನರ್ಧ ಬೇರು ರವಾನೆಯ ವಿಧಾನದಲ್ಲಿದೆ. ಬಿಟ್‌ಕಾಯಿನ್, ಇಥೀರಿಯಂಗಳಲ್ಲಿ ವಹಿವಾಟು ಮೊದಲು ಮೆಂಪೂಲ್ ಎಂಬ ತಂಗುದಾಣಕ್ಕೆ ಹೋಗಿ ಅಲ್ಲಿ ಕಾಯುತ್ತದೆ. ಸೊಲಾನಾದಲ್ಲಿ ಎಲ್ಲರಿಗೂ ಕಾಣುವ ಅಂಥ ತಂಗುದಾಣವಿಲ್ಲ. ಸುಮಾರು 400 ಮಿಲಿಸೆಕೆಂಡಿಗೆ ಒಂದು ಸ್ಲಾಟ್. ಒಬ್ಬ ವ್ಯಾಲಿಡೇಟರ್‌ಗೆ ಸತತ ನಾಲ್ಕು ಸ್ಲಾಟ್‌ಗಳ ಸರದಿ, ಅಂದರೆ 1.6 ಸೆಕೆಂಡು. ಆ ಹೊತ್ತಿಗೆ ಅವನೇ ಲೀಡರ್. ಸುಮಾರು ಎರಡು ದಿನ ಹಿಡಿಯುವ 4,32,000 ಸ್ಲಾಟ್‌ಗಳ ಅವಧಿಯ ಸರದಿಪಟ್ಟಿ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಹಾಗಾಗಿ ವಹಿವಾಟುಗಳು ನೇರವಾಗಿ ಈಗಿನ ಲೀಡರ್‌ನ ಬಾಗಿಲಿಗೇ ಓಡುತ್ತವೆ. ಇಡೀ ಊರಿಗೆ ಒಂದೇ ತೂಬು. ಆ ತೂಬಿನ ಜಾಗ 1.6 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಮುಂದೆ ಎಲ್ಲಿ ತೆರೆಯುತ್ತದೆಂದು ಊರಿಗೆಲ್ಲ ಗೊತ್ತು. ನೂಕುನುಗ್ಗಲಾಗದೆ ಇನ್ನೇನಾದೀತು?

ಮೊದಲು ಈ ಓಟ ನಡೆಯುತ್ತಿದ್ದುದು ಯುಡಿಪಿ ಎಂಬ ಸರಳ ವಿಧಾನದಲ್ಲಿ. ಅದು ವಿಳಾಸವಷ್ಟೇ ಬರೆದು ಅಂಚೆಡಬ್ಬಿಗೆ ಹಾಕಿದ ಕಾರ್ಡಿನಂತೆ: ಕಳಿಸಿದವನು ಯಾರೆಂದು ಖಚಿತವಿಲ್ಲ, ನಿಧಾನವಾಗಿ ಕಳಿಸು ಎಂದು ಹೇಳುವ ದಾರಿಯೂ ಇಲ್ಲ. ತಲುಪುವ ಭರವಸೆ ಇಲ್ಲದವನು ಅದೇ ಕಾರ್ಡನ್ನು ಸಾವಿರ ಸಲ ಹಾಕುತ್ತಾನೆ. 2021ರ ಸೆಪ್ಟೆಂಬರ್ 14ರಂದು ಗ್ರೇಪ್ ಎಂಬ ಟೋಕನ್‌ನ ಮೊದಲ ಮಾರಾಟದ ವೇಳೆ ಯಂತ್ರಗಳು ಹೀಗೆಯೇ ಮುಗಿಬಿದ್ದು, ಜಾಲ ಸುಮಾರು 17 ಗಂಟೆ ನಿಂತಿತು. 2022ರ ಏಪ್ರಿಲ್ 30ರಂದು ಎನ್‌ಎಫ್‌ಟಿ (ಡಿಜಿಟಲ್ ಸಂಗ್ರಹವಸ್ತು) ಮಾರಾಟವೊಂದರ ಹಿಂದೆ ಬಿದ್ದ ಯಂತ್ರಗಳು ಸೆಕೆಂಡಿಗೆ 60 ಲಕ್ಷದವರೆಗೆ ಸಂದೇಶ ಸುರಿದವು. ಕೆಲವು ಕಂಪ್ಯೂಟರ್‌ಗಳ ಬಾಗಿಲಲ್ಲಿ ಒತ್ತಡ ಸೆಕೆಂಡಿಗೆ 100 ಗಿಗಾಬಿಟ್ ದಾಟಿತು. ವ್ಯಾಲಿಡೇಟರ್‌ಗಳ ಸ್ಮೃತಿ ತುಂಬಿ ಅವು ಕುಸಿದವು, ಜಾಲ ಮತ್ತೆ ಹಲವು ಗಂಟೆ ಸ್ತಬ್ಧವಾಯಿತು.

ಸೊಲಾನಾದಲ್ಲಿ ವ್ಯಾಲಿಡೇಟರ್‌ಗಳು ಒಮ್ಮತಕ್ಕೆ ಬರಲು ಹಾಕುವ ಮತಗಳೂ ವಹಿವಾಟುಗಳೇ. ಮತಗಳು ಗದ್ದಲದಲ್ಲಿ ಕಳೆದುಹೋದರೆ ಜಾಲದ ಉಸಿರೇ ಕಟ್ಟುತ್ತದೆ. ಯಾರ ಮಾತು ಮೊದಲು ಕೇಳಬೇಕೆಂಬ ಪ್ರಶ್ನೆಗೆ ಜಾಲ ಉತ್ತರ ಹುಡುಕಿದ್ದು ಇಂಥ ಜೀವನ್ಮರಣದ ಸ್ಥಿತಿಯಲ್ಲಿ. ಸಿರಿವಂತರಿಗೆ ಸೌಕರ್ಯ ಮಾಡಿಕೊಡಲು ಹುಟ್ಟಿದ ಯೋಜನೆ ಎಂದು ಇದನ್ನು ಬಗೆಯುವುದು ಈ ಕಾರಣಕ್ಕೆ ತಪ್ಪಾಗುತ್ತದೆ.

ಮೂರು ಪರಿಹಾರಗಳು ಒಟ್ಟಾಗಿ ಬಂದವು. ಒಂದು, ಯುಡಿಪಿಯ ಜಾಗಕ್ಕೆ ಕ್ವಿಕ್. ಗೂಗಲ್‌ನಲ್ಲಿ ರೂಪುಗೊಂಡು 2021ರ ಮೇ ತಿಂಗಳಲ್ಲಿ ಅಂತರ್ಜಾಲದ ಮಾನಕವಾದ ವಿಧಾನ. ಇದರಲ್ಲಿ ಮೊದಲು ಸಂಪರ್ಕ ಏರ್ಪಡಬೇಕು, ಕಳಿಸುವವನು ಪ್ರಮಾಣಪತ್ರ ತೋರಿಸಬೇಕು, ಕೇಳುವವನು ಸಾಕು ಎಂದು ತಡೆಯಬಹುದು. ಎರಡು, ಸ್ಟೇಕ್‌ಗೆ ತಕ್ಕ ಆದ್ಯತೆ. ಮೂರು, ಬೇಗ ಬೇಕಾದವರು ತೆರುವ ಆದ್ಯತಾ ಶುಲ್ಕ. ಮೊದಲನೆಯದಿಲ್ಲದೆ ಎರಡನೆಯದು ಸಾಧ್ಯವಿರಲಿಲ್ಲ. ಕಾರ್ಡು ಹಾಕಿದವನ ಮುಖವೇ ಕಾಣದಿದ್ದರೆ ಅವನ ಹಿಡುವಳಿಯನ್ನು ನೋಡುವುದು ಹೇಗೆ?

ಕೆಲಸ ಮಾಡುವ ಬಗೆ

ಸೋಲ್ ಇರುವ ಯಾರಾದರೂ ಅದನ್ನು ತಮಗೆ ಬೇಕಾದ ವ್ಯಾಲಿಡೇಟರ್‌ಗೆ ನಿಯೋಜಿಸಬಹುದು. ಒಡೆತನ ಬದಲಾಗುವುದಿಲ್ಲ, ಆ ವ್ಯಾಲಿಡೇಟರ್‌ನ ತೂಕ ಅಷ್ಟು ಹೆಚ್ಚುತ್ತದೆ. ಲೀಡರ್‌ನ ಕಂಪ್ಯೂಟರ್ ತನ್ನ ಬಾಗಿಲಿಗೆ ಬಂದ ಸಂಪರ್ಕದ ಪ್ರಮಾಣಪತ್ರ ನೋಡಿ, ಅದು ಯಾವ ವ್ಯಾಲಿಡೇಟರ್‌ನದು, ಅವನ ಹಿಂದೆ ಎಷ್ಟು ಸ್ಟೇಕ್ ಇದೆ ಎಂದು ತಿಳಿಯುತ್ತದೆ. ಒಟ್ಟು ಸ್ಟೇಕ್‌ನಲ್ಲಿ ನೂರಕ್ಕೆ ಒಂದು ಪಾಲು ಇರುವವನು ಲೀಡರ್‌ಗೆ ಹೋಗುವ ಪ್ಯಾಕೆಟ್‌ಗಳಲ್ಲೂ ನೂರಕ್ಕೆ ಒಂದರವರೆಗೆ ಕಳಿಸಬಹುದು ಎಂಬುದು ತತ್ತ್ವ. ಯಂತ್ರಗಳು ಎಷ್ಟೇ ಗದ್ದಲ ಮಾಡಿದರೂ ಆ ಒಂದು ಪಾಲನ್ನು ಅವು ಕಸಿಯಲಾರವು.

2024ರಲ್ಲಿ ವ್ಯಾಪಕ ಬಳಕೆಗೆ ಬಂದ ರೂಪದಲ್ಲಿ ಲೀಡರ್‌ನ ಬಾಗಿಲಲ್ಲಿ ಸ್ಟೇಕ್ ಇರುವವರಿಗೆ 2,000 ಸಂಪರ್ಕ, ಇಲ್ಲದವರಿಗೆ 500. ಹರಿವಿನಲ್ಲಿ ಸುಮಾರು 80 ಪಾಲು ಮೊದಲಿನವರದು, 20 ಪಾಲು ಉಳಿದವರದು. ಆ 500ರಲ್ಲಿ ಜಾಗ ಹಿಡಿಯಲು ಲೋಕದ ಎಲ್ಲ ಸ್ಟೇಕ್‌ರಹಿತ ಕಂಪ್ಯೂಟರ್‌ಗಳೂ ಹೋರಾಡಬೇಕು.

ಸಾಮಾನ್ಯ ಬಳಕೆದಾರ ವ್ಯಾಲಿಡೇಟರ್ ಅಲ್ಲ. ಅವನ ವ್ಯಾಲೆಟ್ ವಹಿವಾಟನ್ನು ಆರ್‌ಪಿಸಿ ಎಂಬ ನಡುವಿನ ಕಂಪ್ಯೂಟರ್‌ಗೆ ಕೊಡುತ್ತದೆ, ಅದು ಲೀಡರ್‌ಗೆ ದಾಟಿಸುತ್ತದೆ. ಆರ್‌ಪಿಸಿಗೆ ಸ್ವಂತ ಸ್ಟೇಕ್ ಇರುವುದಿಲ್ಲ. ಅದಕ್ಕೆ ಪರಿಹಾರವಾಗಿ, ವ್ಯಾಲಿಡೇಟರ್ ತನಗೆ ನಂಬಿಕೆಯುಳ್ಳ ಆರ್‌ಪಿಸಿಗಳನ್ನು ಪಟ್ಟಿ ಮಾಡಿ ಅವಕ್ಕೆ ಕಲ್ಪಿತ ಸ್ಟೇಕ್ ತೂಕ ಕೊಡಬಹುದು. ಅವುಗಳ ಸಂದೇಶಗಳು ಅವನ ಮೂಲಕ, ಅವನ ಪಾಲಿನೊಳಗೆ ಹೋಗುತ್ತವೆ. ಬೇರೊಬ್ಬರ ಹಿಡುವಳಿಯ ಲೆಕ್ಕದಲ್ಲಿ ನೀರು ಹಾಯಿಸಿಕೊಂಡಂತೆ. ಹೀಲಿಯಸ್, ಟ್ರೈಟನ್‌ನಂಥ ಆರ್‌ಪಿಸಿ ಸಂಸ್ಥೆಗಳ ಸೇವೆಗೆ ಬೆಲೆ ಬಂದದ್ದರಲ್ಲಿ ಇಂಥ ಸ್ಟೇಕ್ ಬೆಂಬಲದ ದಾರಿಗೂ ಪಾಲಿದೆ.

ಇಲ್ಲಿ ಓದುಗರು ಸಾಮಾನ್ಯವಾಗಿ ಎಡವುವ ಒಂದು ಜಾಗವಿದೆ. ಸ್ಟೇಕ್ ಕೊಡುವುದು ಬಾಗಿಲವರೆಗಿನ ದಾರಿಯನ್ನು ಮಾತ್ರ. ಒಳಗೆ ಹೋದ ಮೇಲೆ ಯಾವ ವಹಿವಾಟು ಮೊದಲು ಎಂಬುದನ್ನು ಬಹುಪಾಲು ಆದ್ಯತಾ ಶುಲ್ಕ ತೀರ್ಮಾನಿಸುತ್ತದೆ. ದೊಡ್ಡ ಸ್ಟೇಕ್‌ನವನ ಬೆನ್ನೇರಿ ಬಂದ ವಹಿವಾಟೂ ಶುಲ್ಕ ಕಡಿಮೆಯಿದ್ದರೆ ಒಳಗೆ ಹಿಂದೆ ಬೀಳಬಹುದು; ಹೆಚ್ಚು ಶುಲ್ಕ ತೆರುವವನ ವಹಿವಾಟು ಬಾಗಿಲಲ್ಲೇ ಉದುರಿದರೆ ಅವನ ಶುಲ್ಕವನ್ನು ಯಾರೂ ನೋಡುವುದೇ ಇಲ್ಲ. ಇನ್ನೊಂದು ಸಂಗತಿ: ಈ ಆದ್ಯತೆ ಜಾಲದ ಒಮ್ಮತದ ನಿಯಮವಲ್ಲ, ಲೀಡರ್ ನಡೆಸುವ ತಂತ್ರಾಂಶದ ನಡವಳಿಕೆ. ಬೇರೆ ನೀತಿಯಲ್ಲಿ ಬಾಗಿಲು ತೆರೆಯುವ ಲೀಡರ್ ಕಟ್ಟಿದ ಬ್ಲಾಕ್ ಕೂಡ ಸಿಂಧುವೇ.

2024ರ ಏಪ್ರಿಲ್

ಎರಡು ವರ್ಷದ ಹಿಂದೆ ಕಟ್ಟಿದ ಈ ಏರಿಯ ಮೇಲೆ ನಿಜವಾದ ನೆರೆ ಬಂದದ್ದು 2024ರ ಮಾರ್ಚ್-ಏಪ್ರಿಲ್‌ನಲ್ಲಿ. ಮೀಮ್ ಟೋಕನ್‌ಗಳ ಭರಾಟೆ ಒಂದು ಕಡೆ. ಏಪ್ರಿಲ್ 2ರಂದು ಶುರುವಾದ ಓರ್ ಎಂಬ ಯೋಜನೆ ಇನ್ನೊಂದು ಕಡೆ. ಓರ್‌ನಲ್ಲಿ ಲೆಕ್ಕ ಬಿಡಿಸಿದ ಉತ್ತರವನ್ನು ವಹಿವಾಟಾಗಿ ಕಳಿಸಿದವರಿಗೆ ಟೋಕನ್ ಸಿಗುತ್ತಿತ್ತು. ಇಒಎಸ್ ಜಾಲದಲ್ಲಿ ಐಡಾಸ್ ಮಾಡಿದ್ದನ್ನೇ ನಾಲ್ಕೂವರೆ ವರ್ಷದ ಮೇಲೆ ಓರ್ ಇಲ್ಲಿ ಮಾಡಿತು. ಹದಿನೈದು ದಿನಗಳಲ್ಲಿ ಅದನ್ನು ಅದರ ಕರ್ತೃವೇ ನಿಲ್ಲಿಸಿದ.

ಆ ಏಪ್ರಿಲ್ ಆರಂಭದಲ್ಲಿ ಮತಗಳಲ್ಲದ ವಹಿವಾಟುಗಳಲ್ಲಿ ಮುಕ್ಕಾಲು ಪಾಲು ವಿಫಲ ಎಂಬ ಅಂಕಿ ಎಲ್ಲೆಡೆ ಹರಡಿತು. ಆ ಅಂಕಿ ದಾರಿ ತಪ್ಪಿಸುವಂಥದ್ದು. ವಿಫಲವೆಂದು ಲೆಕ್ಕಕ್ಕೆ ಬಂದವು ಲೀಡರ್‌ನನ್ನು ತಲುಪಿ, ಬ್ಲಾಕ್ ಸೇರಿ, ಆಮೇಲೆ ಷರತ್ತು ಕೂಡದೆ ಬಿದ್ದವು; ಹೆಚ್ಚಿನವು ಲಾಭದ ಬೆನ್ನು ಹತ್ತಿದ ಯಂತ್ರಗಳದು. ಬಾಗಿಲನ್ನೇ ಮುಟ್ಟದೆ ದಾರಿಯಲ್ಲಿ ಸತ್ತವು ಯಾವ ಲೆಕ್ಕದಲ್ಲೂ ಇಲ್ಲ. ಸಾಮಾನ್ಯ ಬಳಕೆದಾರರು ಅನುಭವಿಸಿದ್ದು ಈ ಎರಡನೆಯದನ್ನು.

ಸೊಲಾನಾ ಲ್ಯಾಬ್ಸ್‌ನಿಂದ ಕವಲೊಡೆದ ಆಂಜಾ ಸಂಸ್ಥೆ ಏಪ್ರಿಲ್ ಮಧ್ಯದಲ್ಲಿ ವ್ಯಾಲಿಡೇಟರ್ ತಂತ್ರಾಂಶದ 1.17.31 ಆವೃತ್ತಿಯನ್ನು ಹೊರತಂದಿತು. ಸ್ಟೇಕ್ ಉಳ್ಳವರ ಪಾಲಿನ ಲೆಕ್ಕ ಬಿಗಿಯಾಯಿತು. ಜೊತೆಗೆ ಒಂದು ಬದಲಾವಣೆ: ತೀರ ಕಡಿಮೆ ಸ್ಟೇಕ್ ಇರುವವರನ್ನು ಸ್ಟೇಕ್ ಇಲ್ಲದವರಂತೆಯೇ ನಡೆಸಿಕೊಳ್ಳುವುದು. ಅತ್ಯಲ್ಪ ಒತ್ತೆ ಇಟ್ಟು ಸಿರಿವಂತರ ಸಾಲಿನಲ್ಲಿ ನುಸುಳುವ ಯಂತ್ರಗಳನ್ನು ತಡೆಯಲು ಇದು ಬೇಕಿತ್ತು. ಒತ್ತಡ ಇಳಿಯಿತು. ದಾಮಾಷಾದ ನಾಲ್ಕು ಗುಂಟೆಯವನು ಕೈಬಿಟ್ಟುಹೋದದ್ದೂ ಇದೇ ತಿರುವಿನಲ್ಲಿ.

ಟೀಕೆ

ಈ ವ್ಯವಸ್ಥೆಯ ಪರವಾದ ವಾದ ಗಟ್ಟಿಯಾಗಿದೆ. ಜಾಲ ಕುಸಿದರೆ ಹೆಚ್ಚು ಕಳೆದುಕೊಳ್ಳುವವರು ಹೆಚ್ಚು ಒತ್ತೆ ಇಟ್ಟವರು. ಅವರ ದಾರಿಯನ್ನು ನಂಬುವುದಕ್ಕೆ ಅರ್ಥವಿದೆ. ಗದ್ದಲ ಮಾಡುವವನು ಗದ್ದಲಕ್ಕೆ ಬೇಕಾದಷ್ಟು ಸ್ಟೇಕ್ ಕೊಂಡು ತರಬೇಕು. ಶುಲ್ಕದಂತೆ ಸ್ಟೇಕ್ ಪ್ರತಿ ವಹಿವಾಟಿಗೂ ಕರಗುವುದಿಲ್ಲ, ಆದ್ದರಿಂದ ನಿತ್ಯ ಬಳಸುವವನಿಗೆ ಅದು ಅಗ್ಗ.

ವಿರುದ್ಧದ ವಾದವೂ ಅಷ್ಟೇ ಗಟ್ಟಿ. ದಾರಿ ಸಿಗುವ ಆರ್‌ಪಿಸಿಗೆ ಗಿರಾಕಿಗಳು ಹೆಚ್ಚುತ್ತಾರೆ, ಅದರಿಂದ ಬಂದ ಆದಾಯ ಅದರ ವ್ಯಾಲಿಡೇಟರ್‌ಗೆ ಇನ್ನಷ್ಟು ಸ್ಟೇಕ್ ತರುತ್ತದೆ, ಸ್ಟೇಕ್ ಮತ್ತೆ ದಾರಿಯನ್ನು ಅಗಲಿಸುತ್ತದೆ. ಸಣ್ಣ ವ್ಯಾಲಿಡೇಟರ್ ಇನ್ನೊಂದು ಕಡೆಯಿಂದಲೂ ನಲುಗುತ್ತಾನೆ: ಮತ ಹಾಕುವ ಶುಲ್ಕವೇ ದಿನಕ್ಕೆ ಸುಮಾರು ಒಂದು ಸೋಲ್‌ನಷ್ಟು, ಮತ್ತು ಅದು ದೊಡ್ಡವನಿಗೂ ಚಿಕ್ಕವನಿಗೂ ಒಂದೇ. ದಾಮಾಷಾದಲ್ಲಿ ಹಿಡುವಳಿ ಎಷ್ಟೇ ಚಿಕ್ಕದಾದರೂ ಅದಕ್ಕೆ ತಕ್ಕ ಪಾಲು ತೂಬಿನ ಪಕ್ಕದಲ್ಲಿ ಇದ್ದೇ ಇರುತ್ತಿತ್ತು. ಭೂಮಿಯಿಲ್ಲದ ಕೂಲಿಯವರಿಗೆ ಆ ಕಟ್ಟಳೆಯಲ್ಲೂ ಪಾಲಿರಲಿಲ್ಲ ಎಂಬುದನ್ನು ಮರೆಯಬಾರದು. ಹಾಗೆ ನೋಡಿದರೆ ಸ್ಟೇಕ್ ಇಲ್ಲದವರಿಗೆಂದು 20 ಪಾಲು ತೆಗೆದಿಟ್ಟ ಸೊಲಾನಾ ಒಂದು ಹೆಜ್ಜೆ ಮುಂದಿದೆ. ಚೂರು ಹಿಡುವಳಿದಾರನನ್ನೂ ಅದೇ ಗುಂಪಿಗೆ ನೂಕಿದಾಗ ಒಂದು ಹೆಜ್ಜೆ ಹಿಂದೆ. ಈ ಲೇಖಕನ ಅಭಿಪ್ರಾಯದಲ್ಲಿ ಟ್ರಾನ್ ಇಟ್ಟಂಥ, ಯಾರೂ ಮುಟ್ಟಲಾಗದ ದಿನದ ಪುಟ್ಟ ಪಾಲೊಂದು ಇಂಥ ಪ್ರತಿ ಜಾಲದಲ್ಲೂ ಇರಬೇಕು.

ದೂರವೂ ಒಂದು ಬಡತನವೇ. ಲಕ್ಕವಳ್ಳಿಯ ಭದ್ರಾ ಜಲಾಶಯ ಇರುವುದು ತರೀಕೆರೆ ತಾಲ್ಲೂಕಿನಲ್ಲಿ, 71.5 ಟಿಎಂಸಿ ಸಾಮರ್ಥ್ಯ. ಅದರ ಬಲದಂಡೆ ನಾಲೆಯ ಕೊನೆಭಾಗವಿರುವ ದಾವಣಗೆರೆ ಸೀಮೆಗೆ ನೀರು ತಲುಪಿಸುವುದು ಪ್ರತಿ ಬೇಸಿಗೆಯ ತಗಾದೆ; ನಾಲೆಯುದ್ದಕ್ಕೂ ಇಟ್ಟ ಅಕ್ರಮ ಪಂಪ್‌ಸೆಟ್‌ಗಳ ಮೇಲೆ ಪ್ರತಿ ವರ್ಷ ದೂರು. ಸೊಲಾನಾದ ವ್ಯಾಲಿಡೇಟರ್‌ಗಳಲ್ಲಿ ದೊಡ್ಡ ಪಾಲು ಯುರೋಪ್ ಮತ್ತು ಅಮೆರಿಕದ ಡೇಟಾ ಕೇಂದ್ರಗಳಲ್ಲಿದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಸಂದೇಶ ಹೋಗಿಬರಲು ನೂರು ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಕ್ವಿಕ್ ಸಂಪರ್ಕ ಏರ್ಪಡಲು ಅಂಥ ಒಂದು ಸುತ್ತು ಮೊದಲೇ ಖರ್ಚಾಗುತ್ತದೆ. 1.6 ಸೆಕೆಂಡಿನ ಸರದಿಯಲ್ಲಿ ಇದು ಸಣ್ಣ ನಷ್ಟವಲ್ಲ. ಭಾರತದ ಬಳಕೆದಾರ ಈ ನಾಲೆಯ ಕೊನೆಭಾಗದವನು, ಮತ್ತು ಸ್ಟೇಕ್‌ನ ತೂಕ ಆ ದೂರವನ್ನು ಅಳೆಯುವುದಿಲ್ಲ.

ಬೇರೆ ದಾರಿಗಳು

ಶುಲ್ಕದ ಹರಾಜು ಎಲ್ಲಕ್ಕಿಂತ ಸಾಮಾನ್ಯ. ಇಥೀರಿಯಂ 2021ರ ಆಗಸ್ಟ್ 5ರಿಂದ ಬೇಡಿಕೆಗೆ ತಕ್ಕಂತೆ ಏರಿಳಿಯುವ ಮೂಲ ಶುಲ್ಕವನ್ನು ತಂದಿದೆ. ಸೊಲಾನಾದಲ್ಲೇ ಜಿಟೊ ಎಂಬ ವ್ಯವಸ್ಥೆಯ ಮೂಲಕ ವಹಿವಾಟುಗಳ ಕಟ್ಟನ್ನು ಬಕ್ಷೀಸಿನ ಸಮೇತ ಕಳಿಸಬಹುದು. ಆರ್ಬಿಟ್ರಮ್ 2025ರ ಏಪ್ರಿಲ್‌ನಿಂದ ವೇಗದ ದಾರಿಯನ್ನು ನಿಮಿಷದ ಲೆಕ್ಕದಲ್ಲಿ ಹರಾಜು ಹಾಕುತ್ತಿದೆ. ಗೆದ್ದವನಿಗೆ 200 ಮಿಲಿಸೆಕೆಂಡಿನ ಮುನ್ನಡೆ.

ಮೊದಲು ಬಂದವರಿಗೆ ಮೊದಲು ಎಂಬ ಓಟವನ್ನೇ ಇಲ್ಲವಾಗಿಸುವ ಮಾದರಿಯೊಂದು ತರೀಕೆರೆಯ ಎಪಿಎಂಸಿಯಲ್ಲೇ ನೋಡಸಿಗುತ್ತದೆ. 2014ರಲ್ಲಿ ಶುರುವಾದ ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆಯ ಇ-ಟೆಂಡರ್ ಕ್ರಮದಲ್ಲಿ ಅಡಿಕೆಯ ಪ್ರತಿ ಲಾಟ್‌ಗೂ ವರ್ತಕರು ಗೊತ್ತುಪಡಿಸಿದ ಸಮಯದೊಳಗೆ ದರ ನಮೂದಿಸುತ್ತಾರೆ. ಸಮಯ ಮುಗಿದ ಮೇಲೆ ಎಲ್ಲವನ್ನೂ ಒಟ್ಟಿಗೆ ತೆರೆದು ಹೆಚ್ಚಿನ ದರ ಘೋಷಿಸಲಾಗುತ್ತದೆ; ಒಪ್ಪುವುದು ಬಿಡುವುದು ರೈತನಿಗೆ ಸೇರಿದ್ದು. ಅರ್ಧ ಗಂಟೆ ಮೊದಲು ದರ ಹಾಕಿದವನಿಗೆ ಅದರಿಂದ ಮೇಲುಗೈ ಇಲ್ಲ. ಬ್ಲಾಕ್‌ಚೈನ್ ಲೋಕದಲ್ಲೂ ಇದೇ ತತ್ತ್ವದ ಗುಂಪು ಹರಾಜುಗಳ ಪ್ರಯೋಗ ನಡೆದಿದೆ. ವೇಗದ ಹುಚ್ಚನ್ನು ತಗ್ಗಿಸಲು ಇದರಷ್ಟು ಸರಳ ಮದ್ದು ಬೇರೆ ಇಲ್ಲ.

ಎಲ್ಲರೂ ಪರಿಚಿತರಾದ ಜಾಲಕ್ಕೆ ಸ್ಟೇಕ್ ಬೇಕಿಲ್ಲ. ಕಾಫಿ ಮಂಡಳಿ 2019ರ ಮಾರ್ಚ್ 28ರಂದು ಪ್ರಾಯೋಗಿಕವಾಗಿ ಆರಂಭಿಸಿದ ಬ್ಲಾಕ್‌ಚೈನ್ ಆಧಾರಿತ ಕಾಫಿ ಮಾರುಕಟ್ಟೆ ಇದಕ್ಕೆ ನಿದರ್ಶನ. ಎಕಾ ಪ್ಲಸ್ ರೂಪಿಸಿದ ಅದರಲ್ಲಿ ಬೆಳೆಗಾರರು, ರಫ್ತುದಾರರು, ಹುರಿಯುವವರು ಎಲ್ಲರೂ ನೋಂದಾಯಿತರು. ಉದ್ದೇಶ ಕಾಫಿಯ ಮೂಲವನ್ನು ಕೊಳ್ಳುವವನಿಗೆ ತೋರಿಸಿ ಬೆಳೆಗಾರನಿಗೆ ನ್ಯಾಯವಾದ ಬೆಲೆ ದೊರಕಿಸುವುದು. ಪಹಣಿ ಇರುವ ಊರಿನಂಥ ಜಾಲ ಅದು. ಗುರುತು ಹಿಡಿಯಲು ಒತ್ತೆ ಕೇಳಬೇಕಾದ ಸಂದರ್ಭವೇ ಬರುವುದಿಲ್ಲ.

ಭಾರತದಲ್ಲಿ

ಕರ್ನಾಟಕದಲ್ಲಿ ತೆರೆದ ಬ್ಲಾಕ್‌ಚೈನ್‌ಗಳ ಒಡನಾಟ 2013ರಲ್ಲಿ ಆರಂಭವಾದ ಯುನೋಕಾಯಿನ್ ಎಂಬ ಕ್ರಿಪ್ಟೋ ವಿನಿಮಯ ಸಂಸ್ಥೆಯಷ್ಟು ಹಳೆಯದು. 2018ರಿಂದ ಬೆಂಗಳೂರಿನಲ್ಲಿ ನಡೆದ ಇಥ್‌ಇಂಡಿಯಾ ಕೂಟಗಳು ತಂತ್ರಾಂಶ ಬರೆಯುವ ಯುವಕರನ್ನು ಸೆಳೆದಿವೆ. ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಕ್ರಿಪ್ಟೋ ವಹಿವಾಟುಗಳ ಮೇಲೆ ಹೇರಿದ್ದ ಬ್ಯಾಂಕಿಂಗ್ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದುಗೊಳಿಸಿತು. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಆಸ್ತಿಗಳ ವರ್ಗಾವಣೆಯ ಲಾಭಕ್ಕೆ ಶೇ. 30 ತೆರಿಗೆ, ಅದೇ ವರ್ಷದ ಜುಲೈ 1ರಿಂದ ವರ್ಗಾವಣೆಯ ಮೊತ್ತದಲ್ಲಿ ಶೇ. 1 ಮೂಲದಲ್ಲೇ ಕಡಿತ ಜಾರಿಗೆ ಬಂದವು.

ಈ ತೆರಿಗೆಗಳಂತಲ್ಲದೆ, ಸೊಲಾನಾ ಲೀಡರ್‌ನ ಬಾಗಿಲಿನ 2,000, 500ರಂಥ ಸಂಖ್ಯೆಗಳು ಯಾವ ಶಾಸನದಲ್ಲೂ ಇಲ್ಲ. ಯಾರು ಬೇಕಾದರೂ ತೆರೆದು ಓದಬಹುದಾದ ತಂತ್ರಾಂಶದ ಕೆಲವು ಸಾಲುಗಳಲ್ಲಿ ಇವೆ. ಅವನ್ನು ಬದಲಿಸಬೇಕೆಂದು ತರೀಕೆರೆಯಲ್ಲಿ ಕುಳಿತವರೂ ಸಲಹೆ ಕಳಿಸಬಹುದು. ಒಪ್ಪಿಗೆಯಾದರೆ ವ್ಯಾಲಿಡೇಟರ್‌ಗಳು ಹೊಸ ಆವೃತ್ತಿಯನ್ನು ಒಬ್ಬೊಬ್ಬರಾಗಿ ತಮ್ಮ ಕಂಪ್ಯೂಟರ್‌ಗಳಿಗೆ ಇಳಿಸಿಕೊಳ್ಳುತ್ತಾರೆ, ಮತ್ತು ಹಾಗೆ ಇಳಿಸಿಕೊಂಡವರ ಸರದಿ ಬಂದಾಗ ಆ 1.6 ಸೆಕೆಂಡಿನ ಮಟ್ಟಿಗೆ ಹೊಸ ಲೆಕ್ಕ ನಡೆಯುತ್ತದೆ.